ಮಂಚಮ್ಮನ ಅಡ್ಡಬಾಯಿ

ಅರಕೆರೆಯ ಜನ ‘ಉಲ್ಟಾ ಪಾಠ’ ಎಂದು ಆಡಿಕೊಂಡರೂ ಭೂಮಿಕ ಟೀಚರು ಹಟ ಬಿಡಲಿಲ್ಲ. ಗಣಿತದ ಪಾಠವನ್ನು ವಿಡಿಯೊ ಮಾಡಿ ಸಂಜೆ ಅಪ್ಪ ಅಮ್ಮಂದಿರ ಮೊಬೈಲಿಗೆ ಕಳಿಸುವುದು, ಮಕ್ಕಳು ಮನೆಯಲ್ಲೇ ನೋಡಿಕೊಂಡು ಬಂದು ಶಾಲೆಯಲ್ಲಿ ಲೆಕ್ಕ ಬಿಡಿಸುವುದು, ಇಷ್ಟೇ. ಹೆಡ್‌ಮಾಸ್ಟರ್ ಚೌಡಯ್ಯನವರು ಮಾತ್ರ, “ಈ ತಿಂಗಳು ನೋಡಾಣ ಕಣಮ್ಮ. ಮಕ್ಕಳ ತಲೆಗೆ ಹತ್ತದಿದ್ರೆ ಮೊದಲಿನಂಗೇ ಬೋರ್ಡು, ಸೀಮೆಸುಣ್ಣ” ಅಂದುಬಿಟ್ಟಿದ್ದರು.

ಮೊದಲ ವಿಡಿಯೊ ನಡುಮನೆಯಲ್ಲಿ ಮಾಡುವಾಗ ಅಡುಗೆಮನೆಯಿಂದ ಅತ್ತೆ ಮಂಚಮ್ಮ ಅಡ್ಡಬಾಯಿ ಹಾಕಿದರು. “ಅಲ್ಲ ಕಣವ್ವ, ನಾಕಕ್ಕಿಂತ ಎಂಟು ದೊಡ್ಡದು. ಎಂಟ್ರಲ್ಲೊಂದು ಪಾಲು ಎಂಗೆ ಸಣ್ಣದಾಯ್ತದೆ?”

ಭೂಮಿಕ ಗೊಣಗಿಕೊಂಡೇ, ಒಂದು ಮುದ್ದೆಯನ್ನು ಎಂಟು ಜನಕ್ಕೆ ಹಂಚುವುದನ್ನು ವಿವರಿಸಿದಳು. ಮತ್ತೆ ಮಾಡಲು ಪುರಸೊತ್ತಿಲ್ಲದೆ ಅತ್ತೆಯ ದನಿ ಸೇರಿದ್ದನ್ನೇ ಕಳಿಸಿದಳು. ಮರುದಿನ ಮಕ್ಕಳ ಲೆಕ್ಕವೆಲ್ಲ ಸರಿ!

ಆದರೆ ಹಾಲಿನ ಡೈರಿಯಲ್ಲಿ ಮಂಚಮ್ಮನಿಗೆ, “ಏನ್ ಮಂಚಕ್ಕ, ಇಸ್ಕೂಲ್ ಸೇರ್ಕಂಡ್ಯಂತೆ?” ಎಂಬ ಲೇವಡಿ. ಮನೆಗೆ ಬಂದವರೇ ಕ್ಯಾನು ಕುಕ್ಕಿದರು. “ಊರ್ ಮುಂದೆ ನನ್ನ ಮಾನ ಕಳುದ್ಬುಟ್ಟೆ. ಇನ್ನು ನಿನ್ ಪಾಠಕ್ಕೆ ನಾನು ತುಟಿ ಪಿಟಕ್ ಅನ್ನಾಕಿಲ್ಲ.”

ಅನ್ನಲೂ ಇಲ್ಲ. ಆಮೇಲಿನ ವಿಡಿಯೊಗಳು ತೊಳೆದಿಟ್ಟಷ್ಟು ಚೊಕ್ಕ. ಮಕ್ಕಳು ನೋಡಿಕೊಂಡೂ ಬಂದರು, “ಅರ್ಥ ಆಯ್ತು ಮಿಸ್” ಅಂದರು, ಲೆಕ್ಕ ಮಾತ್ರ ಅಡ್ಡಾದಿಡ್ಡಿ. ಕೊನೆಗೆ ಏಳನೇ ಕ್ಲಾಸಿನ ಚಿನ್ನು ಬಾಯಿಬಿಟ್ಟಳು. “ಅವತ್ತು ಅಜ್ಜಿ ಕೇಳಿದ್ರಲ್ಲ, ಅದೇ ನಮ್ಗೂ ಗೊತ್ತಿರ್ಲಿಲ್ಲ ಮಿಸ್. ಮೊಬೈಲ್‌ನ ನಾವೆಂಗೆ ಕೇಳಾದು?”

ಭೂಮಿಕಳಿಗೆ ನಾಚಿಕೆಯಾಯಿತು. ಅವತ್ತು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, “ತಪ್ಪಾಯ್ತು ಅತ್ತೆ. ನಿಮ್ಮನ್ನ ಒಂದು ಮಾತು ಕೇಳದೆ ಕಳಿಸಿಬಿಟ್ಟೆ. ನಾಳೆ ಚೌಡಯ್ಯ ಮೇಷ್ಟ್ರು ಕ್ಲಾಸಿಗೆ ಬರ್ತಾರೆ. ನೀವು ಅವತ್ತಿನಂಗೆ ಅಡ್ಡ ಕೇಳ್ದಿದ್ರೆ ನನ್ನ ಪಾಠ ನಿಂತಂಗೇ” ಅಂದಳು. ಮಂಚಮ್ಮ ಒಲೆ ಕಡೆ ತಿರುಗಿಕೊಂಡರು.

ಬಾಗಿಲು ತೆರೆದಿಟ್ಟೇ ಭೂಮಿಕ ಮೊಬೈಲ್ ನಿಲ್ಲಿಸಿ ಶುರುಮಾಡಿದಳು. “ಮೂರನ್ನು ಅರ್ಧದಿಂದ ಭಾಗಿಸಿದರೆ ಆರು.”

ಒಳಗೆ ಹಿಟ್ಟು ತೊಳಸುವ ಸದ್ದು ನಿಂತಿತು. ಅವಳು ಇನ್ನೊಮ್ಮೆ ಹೇಳಿದಳು. ಊಹೂಂ. ಮೊಬೈಲ್ ಆರಿಸಲು ಕೈ ಚಾಚಿದಳು.

“ತಡಿಯವ್ವ!”

ಹಿಟ್ಟಿನ ಕೋಲು ಹಿಡಿದೇ ಬಂದ ಮಂಚಮ್ಮ ಸೆರಗು ಸರಿಮಾಡಿಕೊಂಡು ಮೊಬೈಲಿನ ಎದುರಿಗೇ ಕೂತರು.

“ನಗೋರು ನಕ್ಕೊಳ್ಲಿ. ಭಾಗ ಮಾಡುದ್ರೆ ಕಮ್ಮಿ ಆಗ್ಬೇಕು, ಎಚ್ಚೆಂಗಾಯ್ತದೆ? ಇದ್ಯಾವೂರ್ ನ್ಯಾಯ? ಐಕ್ಳಿಗೆ ತಿಳಿಯೋಗಂಟ ಯೋಳು, ಒಲೆ ಆರುಸ್ಬುಟ್ ಬಂದಿವ್ನಿ.”