ಕರಿನಾಲಗೆ

ರೇವಣಸಿದ್ದಯ್ಯನವರ ಮನೆಗೆ ಪವರ್ ಟಿಲ್ಲರು ಬಂದದ್ದು ಎಪ್ಪತ್ತೆಂಟನೇ ಇಸವಿಯ ಕಾರ್ತೀಕದಲ್ಲಿ. ಗುಬ್ಬಿಯಿಂದ ನಾಲ್ಕು ಮೈಲಿ ಒಳಗಿದ್ದ ಆ ಊರಿಗೆ ಅದೇ ಮೊದಲನೆಯದು. ಕುಣಿಗಲ್ ಕೆರೆಯ ಕೆಳಗಿನ ಗದ್ದೆಯಲ್ಲಿ ಯಾರೋ ಅದನ್ನು ಓಡಿಸುತ್ತಿದ್ದುದನ್ನು ಕಂಡು ಬಂದಾಗಿನಿಂದ ರೇವಣಸಿದ್ದಯ್ಯನವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಎರಡು ಚಕ್ರ, ಮುಂದೆ ಇಂಜಿನ್ನು, ಹಿಂದಕ್ಕೆ ಚಾಚಿದ ಎರಡು ಹ್ಯಾಂಡಲ್ಲು. ಉಳುವಾಗ ಹಿಂದೆ ನಡೆಯಬೇಕು; ಟ್ರೇಲರ್ ಸಿಕ್ಕಿಸಿದರೆ ಅದರ ಮುಂದಿನ ಸೀಟಿನಲ್ಲಿ ಕೂತು ಗದ್ದೆಗೋ ತೋಟಕ್ಕೋ ಕೆರೆ ಅಂಗಳಕ್ಕೋ, ಮನಸ್ಸು ಬಂದಲ್ಲಿಗೆ ಹೋಗಬಹುದು. ರಸ್ತೆ ಇರಲೇಬೇಕೆಂದಿಲ್ಲ.

ತುಮಕೂರಿನ ಅಂಗಡಿಯಿಂದ ಬಂದ ಮೆಕ್ಯಾನಿಕ್ ವೆಂಕಟೇಶಯ್ಯ ಒಂದು ಬೆಳಗ್ಗೆ ಪೂರ್ತಿ ನಿಂತು ಕಲಿಸಿಕೊಟ್ಟ. ಎಡಗಡೆಯ ಕ್ಲಚ್ ಹಿಡಿದರೆ ಗಾಡಿ ಎಡಕ್ಕೆ ತಿರುಗುತ್ತೆ, ಬಲಗಡೆಯದು ಹಿಡಿದರೆ ಬಲಕ್ಕೆ. ಮಗ ಮಹಾಲಿಂಗ ಅರ್ಧ ಗಂಟೆಯಲ್ಲೇ ಕಲಿತುಬಿಟ್ಟ. ಹೋಗುವಾಗ ವೆಂಕಟೇಶಯ್ಯ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟು, "ಇದನ್ನ ಜೋಪಾನವಾಗಿ ಇಟ್ಕೊಳ್ಳಿ, ಪಾರ್ಟ್ಸ್ ನಂಬರ್ ಎಲ್ಲಾ ಇದ್ರಲ್ಲಿದೆ" ಅಂದ. ಅದು ದೇವರ ಗೂಡಿನ ಪಕ್ಕದ ಹಲಗೆ ಸೇರಿತು.

ಅದನ್ನು ಅಲ್ಲಿಂದ ತೆಗೆದು ಓದಿದವಳು ಸೊಸೆ ದಾಕ್ಷಾಯಣಿ. ಅವಳ ತವರು ತುಮಕೂರಿನ ಉಪ್ಪಾರಹಳ್ಳಿ. ಅಪ್ಪ ಚನ್ನವೀರಯ್ಯ ಪ್ರೆಸ್ಸೊಂದರಲ್ಲಿ ಬೈಂಡರು. ಹೊಲಿಗೆ ಹಾಕಲು ಮನೆಗೆ ತಂದ ಪುಸ್ತಕಗಳನ್ನೆಲ್ಲ, ಅರ್ಥವಾಗಲಿ ಬಿಡಲಿ, ಓದಿ ಬೆಳೆದವಳು ಅವಳು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಮಧ್ಯಾಹ್ನ ಮುಸುರೆ ಮುಗಿಸಿ, ಅಪ್ಪ ಕೊಟ್ಟಿದ್ದ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ಎರಡು ಪುಟದಂತೆ ಓದುತ್ತ ಹೋದಳು. ಹನ್ನೊಂದನೇ ದಿನ ಒಂದು ಚಿತ್ರ ಕಂಡಿತು. ಇಳಿಜಾರು, ಅದರ ಮೇಲೆ ಟಿಲ್ಲರು, ಉಲ್ಟಾ ಬರೆದ ಬಾಣದ ಗುರುತು. ಕೆಳಗಿನ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದಳು.

ಆ ಸಂಜೆ ಗಂಡನನ್ನು ಕಣದ ಹಿಂದಿನ ದಿಣ್ಣೆಗೆ ಕರೆದಳು. "ರೀ, ಇಳಿಜಾರಲ್ಲಿ ಎಡಗಡೆ ಕ್ಲಚ್ ಹಿಡಿದ್ರೆ ಬಲಕ್ಕೆ ಹೋಗುತ್ತಂತೆ. ಇಂಜಿನ್ನು ತಳ್ಳೋದಿಲ್ಲ, ಹಿಡಿದು ನಿಲ್ಲಿಸ್ತಿರುತ್ತೆ ನೋಡಿ, ಕ್ಲಚ್ ಹಿಡಿದ ಕಡೆ ಚಕ್ರ ಆ ಹಿಡಿತ ತಪ್ಪಿ ಜೋರಾಗಿ ಓಡುತ್ತೆ, ಅದಕ್ಕೆ."

"ಯಾರಂದ್ರು?"

"ಪುಸ್ತಕದಲ್ಲಿದೆ. ಟ್ರೇಲರ್ ಬಿಚ್ಚಿ ಒಂದ್ಸಲ ಇಳಿಸಿ ನೋಡಿ."

ಮಹಾಲಿಂಗ ಹುಡುಗಾಟಕ್ಕೆಂಬಂತೆ ಟಿಲ್ಲರನ್ನು ದಿಣ್ಣೆ ಹತ್ತಿಸಿ ಇಳಿಸಿದ. ಎಡಗಡೆಯದು ಹಿಡಿದ. ಗಾಡಿ ಮೂತಿ ತಿರುವಿ ಬಲಕ್ಕೆ ನುಗ್ಗಿತು. ಅವನು ಹ್ಯಾಂಡಲ್ ಬಿಡದೆ ಓಡಿ, ಬೇಲಿಯ ಹತ್ತಿರ ಹೇಗೋ ನಿಲ್ಲಿಸಿ, ಏದುಸಿರು ಬಿಡುತ್ತ ನಕ್ಕ. "ಹೌದಲ್ಲೇ! ಭಲೇ ನನ್ ಹೆಂಡ್ತಿ!" ಮದುವೆಯಾದ ಮೂರು ವರ್ಷದಲ್ಲಿ ಅವನು ಅವಳನ್ನು ಅಷ್ಟು ಮೆಚ್ಚಿ ನೋಡಿದ್ದು ಅದೇ ಮೊದಲು. ಅವಳಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೆ ಆದವು.

ರಾತ್ರಿ ಊಟಕ್ಕೆ ಕೂತಾಗ ದಾಕ್ಷಾಯಣಿ ಮಾವನ ಮುಂದೆ ಅದೇ ಮಾತು ತೆಗೆದಳು. ಟ್ರೇಲರಿನಲ್ಲಿ ಜನರನ್ನು ಕೂರಿಸಬಾರದು ಅಂತಲೂ ಬರೆದಿದೆ ಮಾವಯ್ಯ, ಇಳಿಜಾರಲ್ಲಿ ಹಿಂದಿನ ಭಾರ ತಳ್ಳಿ ಮಗುಚಿಬಿಡುತ್ತಂತೆ, ಜೀವ ಹೋಗಬಹುದಂತೆ ಅಂದಳು.

ರೇವಣಸಿದ್ದಯ್ಯ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನಕ್ಕರು. "ಅಲ್ಲ ಕಣವ್ವಾ, ಟಿಲ್ಲರು ಓಡ್ಸೋದು ನನ್ ಮಗನೋ, ನಿನ್ ಪುಸ್ತಕವೋ?"

ಅತ್ತೆ ಶಿವರುದ್ರಮ್ಮ ನಗಲಿಲ್ಲ. "ಅನ್ನದ ಮುಂದೆ ಕೂತು ಜೀವ ಹೋಗುತ್ತೆ ಅಂತೀಯಲ್ಲೇ, ನಾಲಗೆಗೆ ಏನಾಗಿದೆ ನಿಂಗೆ? ಬಿಡ್ತು ಅನ್ನು."

"ಬಿಡ್ತು" ಅಂದಳು ದಾಕ್ಷಾಯಣಿ, ಗಂಡನ ಕಡೆ ನೋಡುತ್ತ. ಕಣದ ಹಿಂದೆ ಆದದ್ದನ್ನು ಅವನೀಗ ಹೇಳುತ್ತಾನೆ ಅಂದುಕೊಂಡಳು. ಮಹಾಲಿಂಗ ತಲೆ ಎತ್ತದೆ ಸಾರು ಕಲಸಿಕೊಂಡ. ಅಪ್ಪ ನಗುತ್ತಿರುವಾಗ ಎದುರಾಡಿ ಅವನಿಗೆ ರೂಢಿಯಿರಲಿಲ್ಲ.

ಮಾರನೆಯ ವರ್ಷ ವೈಶಾಖದಲ್ಲಿ ಕೆರೆಯಾಚೆಯ ಹಳ್ಳಿಯಲ್ಲಿ ಬೀಗರ ಊಟ. ಮನೆಯವರು, ಅಕ್ಕಪಕ್ಕದವರು ಸೇರಿ ಒಂಬತ್ತು ಜನ ಟ್ರೇಲರು ಹತ್ತಿದರು. ರೇವಣಸಿದ್ದಯ್ಯ ಜರಿ ಪೇಟ ಸುತ್ತಿ, ಮುಂದಿನ ಅಂಚಿನ ಮೇಲೆ ಮಗನ ಹೆಗಲು ಹಿಡಿದು ಕೂತರು. "ಏರಿ ಮೇಲೆ ಹೋಗೋದು ಬೇಡ ಮಾವಯ್ಯ, ಸುತ್ತಿಕೊಂಡು ಹೋಗೋಣ" ಅಂದಳು ದಾಕ್ಷಾಯಣಿ. "ಸುಮ್ನೆ ಹತ್ತವ್ವಾ, ಹೊತ್ತಾಯ್ತು" ಅಂದರು ಅವರು. ಅವಳು ಹತ್ತಿದಳು. ಮುಂದೆ ಎಷ್ಟೋ ವರ್ಷ ಅವಳು ತನ್ನನ್ನು ತಾನು ಬೈದುಕೊಂಡದ್ದು ಅದೊಂದಕ್ಕೇ.

ಕೆರೆ ಏರಿಯ ಮೇಲೆ ಗಾಡಿ ಚೆನ್ನಾಗಿಯೇ ಹೋಯಿತು. ತೂಬು ದಾಟಿದ ಮೇಲೆ ದಾರಿ ಎಡಕ್ಕೆ ತಿರುಗಿ ಕೆಳಗಿಳಿಯುತ್ತದೆ. ಬಿಸಿಲು ನೆತ್ತಿಗೆ ಬಂದಿತ್ತು, ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಇಳಿಜಾರು ಶುರುವಾಗುತ್ತಲೇ ಟ್ರೇಲರು ಹಿಂದಿನಿಂದ ದಬ್ಬಿತು. ಮಹಾಲಿಂಗ ಅಭ್ಯಾಸಬಲದಿಂದ ಎಡಗಡೆಯ ಕ್ಲಚ್ ಹಿಡಿದ. ಗಾಡಿ ಬಲಕ್ಕೆ, ಏರಿಯ ಅಂಚಿಗೆ ಹೊರಳಿತು. "ಬಿಡ್ರೀ, ಕ್ಲಚ್ ಬಿಡ್ರೀ!" ಅಂತ ದಾಕ್ಷಾಯಣಿ ಕೂಗಿದಳು. ಅವನು ಹೆದರಿ ಇನ್ನೂ ಬಿಗಿಯಾಗಿ ಹಿಡಿದ.

ಟಿಲ್ಲರು ಎರಡು ಸಲ ಉರುಳಿತು. ರೇವಣಸಿದ್ದಯ್ಯ ಇಂಜಿನ್ನಿನ ಅಡಿಗೆ ಸಿಕ್ಕಿದ್ದರು. ಎಳೆದು ಹೊರಗೆ ಮಲಗಿಸಿ ಯಾರೋ ಕೆರೆಯಿಂದ ನೀರು ತರುವಷ್ಟರಲ್ಲಿ ಉಸಿರು ನಿಂತಿತ್ತು. ಟ್ರೇಲರಿನ ಕಬ್ಬಿಣದ ಅಂಚು ದಾಕ್ಷಾಯಣಿಯ ಬಲಗಾಲ ಮೇಲೆ ಕೂತಿತ್ತು. ಪಕ್ಕದ ಮನೆಯ ನರಸಮ್ಮನ ಕೈ ಮುರಿದಿತ್ತು. ಮಹಾಲಿಂಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವನು ಏರಿಯ ಮೇಲೆ ನಿಂತು, ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಯಾರ ಕೈಯೋ ಎಂಬಂತೆ ನೋಡಿಕೊಳ್ಳುತ್ತಿದ್ದ.

ದಾಕ್ಷಾಯಣಿ ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದಳು. ಮಾವನ ಮಣ್ಣಿಗೂ ಹೋಗಲಾಗಲಿಲ್ಲ, ಶಿವಗಣಾರಾಧನೆಗೂ ಹೋಗಲಾಗಲಿಲ್ಲ. ಬಲಗಾಲು ಒಂದೂವರೆ ಇಂಚು ಗಿಡ್ಡವಾಗಿ, ಕೋಲು ಊರಿಕೊಂಡು ಮನೆಗೆ ಬಂದಾಗ ಹೊಸಿಲಲ್ಲೇ ಅತ್ತೆ ಅಡ್ಡ ನಿಂತರು.

"ಬಂದ್ಯೇನೇ? ನೀನಂದಿದ್ದು ಆಯ್ತಲ್ಲ, ತೃಪ್ತಿ ಆಯ್ತಾ? ಅನ್ನದ ಮುಂದೆ ಕೂತು ಅಂದ್ಯಲ್ಲೇ ಜೀವ ಹೋಗುತ್ತೆ ಅಂತ. ಹತ್ತೋ ಹೊತ್ನಲ್ಲೂ ಅಡ್ಡಬಾಯಿ ಹಾಕಿದೆ. ಕರಿನಾಲಗೆ ಕಣೇ ನಿಂದು, ಕರಿನಾಲಗೆ!"

ಊರೂ ಅದನ್ನೇ ಅನ್ನುತ್ತಿತ್ತು. ಆರಾಧನೆಯ ಪಂಕ್ತಿಯಲ್ಲೇ ಆ ಮಾತು ಬಾಯಿಂದ ಬಾಯಿಗೆ ಹೋಗಿತ್ತು. ದಾಕ್ಷಾಯಣಿ ಪುಸ್ತಕ ತೋರಿಸೋಣವೆಂದು ಹಲಗೆ ಹುಡುಕಿದಳು. ಅದನ್ನು ಶಿವರುದ್ರಮ್ಮ ನೀರೊಲೆಗೆ ಹಾಕಿ ತಿಂಗಳಾಗಿತ್ತು.

"ನೀವಾದ್ರೂ ಹೇಳ್ರೀ" ಅಂದಳು ಗಂಡನಿಗೆ, ಇಬ್ಬರೇ ಇದ್ದಾಗ. "ನೀವೇ ಕಣ್ಣಾರೆ ನೋಡಿದ್ರಲ್ಲ. ಗೊತ್ತಿದ್ದನ್ನ ಹೇಳಿದ್ರೆ ಅದು ಶಾಪವಾ?"

"ಅಪ್ಪನ್ನ ನಾನೇ ಕೊಂದೆ ಅಂತ ಊರೆಲ್ಲಾ ಸಾರ್ಲಾ?" ಅಂದ ಮಹಾಲಿಂಗ. ಕಣ್ಣು ಕೆಂಪಗಾಗಿದ್ದವು. "ಸ್ವಲ್ಪ ದಿನ ತಡ್ಕೋ ದಾಕ್ಷಾ. ಜನ ಮರೀತಾರೆ."

ಅವಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ತಡೆದುಕೊಂಡಳು.

ರಿಪೇರಿಗೆ ಬಂದ ವೆಂಕಟೇಶಯ್ಯನನ್ನು ಅವಳು ಹಿತ್ತಲಲ್ಲಿ ನಿಲ್ಲಿಸಿ ಕೇಳಿದಳು. ಅವನು ಸ್ಪ್ಯಾನರ್ ಒರೆಸುತ್ತ ಅತ್ತಿತ್ತ ನೋಡಿದ. "ಗೊತ್ತಿತ್ತು ತಾಯೀ. ಇಳಿಜಾರಿನ ವಿಷ್ಯ ಹೇಳಿದ್ರೆ ರೈತರು ಹೆದರ್ತಾರೆ, ಹೇಳ್ಬೇಡ ಅಂತ ಅಂಗಡಿ ಯಜಮಾನ್ರ ಅಪ್ಪಣೆ. ನನಗೂ ಮೂರು ಹೆಣ್ಮಕ್ಕಳು." "ಅತ್ತೆ ಮುಂದೆ ಅಷ್ಟು ಹೇಳಿ, ಸಾಕು" ಅಂದಳು ದಾಕ್ಷಾಯಣಿ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಅವನು ಬಸ್ಸು ಹತ್ತಿದ.

ಜನ ಮರೆತದ್ದು ಏರಿಯ ಮೇಲೆ ಆದದ್ದನ್ನು. ಎರಡು ವರ್ಷದಲ್ಲಿ ಟ್ರೇಲರು ಮತ್ತೆ ತುಂಬತೊಡಗಿತು. ನಾಟಿಗೆ ಹೋಗುವ ಹೆಂಗಸರು, ಸಂತೆಗೆ ಹೋಗುವವರು, ಹೆಗಲ ಮೇಲೆ ಮಕ್ಕಳು. ಮರೆಯದೆ ಉಳಿದದ್ದು ದಾಕ್ಷಾಯಣಿಯ ನಾಲಗೆ. ಟಿಲ್ಲರು ಹೊರಡುವ ಹೊತ್ತಿಗೆ ಅವಳು ಜಗಲಿಯಲ್ಲಿದ್ದರೆ, "ಒಳಗ್ ನಡಿಯೇ" ಅನ್ನುತ್ತಿದ್ದರು ಅತ್ತೆ. ಮದುವೆಯ ಮಾತು, ಬಸುರಿಯ ಮಾತು ನಡೆಯುವ ಕಡೆ ಅವಳು ಬಂದರೆ ಮಾತು ನಿಲ್ಲುತ್ತಿತ್ತು.

ಎಂಬತ್ತೊಂದರ ಶ್ರಾವಣದಲ್ಲಿ ಒಂದು ಬೆಳಗ್ಗೆ ನಾಟಿಗೆಂದು ಹನ್ನೆರಡು ಜನ ಹತ್ತಿ ಕೂತಿದ್ದರು. ನರಸಮ್ಮ, ವಾಸಿಯಾಗಿ ಸೊಟ್ಟಗೆ ಕೂಡಿಕೊಂಡಿದ್ದ ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡಿದ್ದಳು. ಮಳೆಗೆ ಏರಿ ಜಾರುತ್ತಿತ್ತು. ದಾಕ್ಷಾಯಣಿ ಕೋಲೂರಿಕೊಂಡು ಬಂದು ಗಾಡಿಯ ಮುಂದೆ ನಿಂತಳು.

"ಇಳೀರಿ ಎಲ್ಲಾ. ನಡ್ಕೊಂಡು ಹೋಗಿ."

"ಒಳಗೆ ಹೋಗೇ!" ಶಿವರುದ್ರಮ್ಮ ಜಗಲಿಯಿಂದ ಕೂಗಿದರು.

"ಇವತ್ತು ಹೋಗಲ್ಲ ಅತ್ತೇ." ಅವಳು ಗಂಡನ ಕಡೆ ತಿರುಗಿದಳು. "ಇಷ್ಟು ಜನ ಇದಾರೆ, ಇವರ ಮುಂದೆ ಹೇಳಿ. ಕಣದ ಹಿಂದೆ ನಾವಿಬ್ರೂ ಏನು ನೋಡಿದ್ವಿ? ಇದು ಇಳಿಜಾರಲ್ಲಿ ಹೆಂಗೆ ತಿರುಗುತ್ತೆ? ಒಂದೇ ಒಂದು ಮಾತು ಹೇಳಿ."

ಇಂಜಿನ್ನು ಡುಗುಡುಗು ಅನ್ನುತ್ತಿತ್ತು. ಹನ್ನೆರಡು ಜೊತೆ ಕಣ್ಣು ಮಹಾಲಿಂಗನ ಮೇಲಿದ್ದವು. ಜಗಲಿಯ ಮೇಲೆ ತಾಯಿ ನಿಂತಿದ್ದರು, ಹಣೆಯಲ್ಲಿ ಬರೀ ವಿಭೂತಿ.

"ಏನ್ ನೋಡಿದ್ವಿ? ನಂಗೇನೂ ಗೊತ್ತಿಲ್ಲ" ಅಂದ ಅವನು. "ಸರ್ಕೊಳ್ಳೇ ಅತ್ಲಾಗೆ."

ಎರಡು ವರ್ಷ ತಡೆದುಕೊಂಡದ್ದೆಲ್ಲ ಆ ಕ್ಷಣದಲ್ಲಿ ಅವಳೊಳಗೆ ಹುಳಿಯಾಗಿಹೋಯಿತು. ಅವಳು ಟ್ರೇಲರಿನ ಕಡೆ ನೋಡಿ, ಒಬ್ಬೊಬ್ಬರ ಮುಖವನ್ನೂ ನೋಡಿ, ನಿಧಾನವಾಗಿ ಹೇಳಿದಳು: "ಆಯ್ತು, ಹೋಗಿ. ಇದು ಮಗುಚುತ್ತೆ. ಇವತ್ತಲ್ಲ ನಾಳೆ ಮಗುಚೇ ಮಗುಚುತ್ತೆ. ನಾನು ಹೇಳಿದೀನಿ."

ಮೊದಲು ಇಳಿದವಳು ನರಸಮ್ಮ. ಮೊಮ್ಮಗಳ ದೃಷ್ಟಿ ತೆಗೆದು, ನೆಲಕ್ಕೆ ಉಗಿದು, ದಾಕ್ಷಾಯಣಿಯ ಮುಖ ನೋಡದೆ ನಡೆದಳು. ಅವಳ ಹಿಂದೆ ಮಿಕ್ಕವರೂ ದಡಬಡ ಇಳಿದರು. ಪುಸ್ತಕಕ್ಕೆ ಇಳಿಯದಿದ್ದವರು, ಮುರಿದ ಕೈಕಾಲಿಗೆ ಇಳಿಯದಿದ್ದವರು, ಕರಿನಾಲಗೆಗೆ ಇಳಿದರು. ದಾಕ್ಷಾಯಣಿಗೆ ನಗು ಬಂತು. ಆ ನಗುವನ್ನು ಕಂಡವರು ಇನ್ನಷ್ಟು ಹೆದರಿದರು.

ಆಮೇಲೆ ಅವಳು ಅದನ್ನೇ ಹಿಡಿದಳು. ಟ್ರೇಲರಿಗೆ ಜನ ಹತ್ತಿದ್ದು ಕಂಡರೆ ಸಾಕು, ಬಾಗಿಲಿಗೆ ಬಂದು ಬಾಯಿ ತೆರೆಯುವಳು. ಜನ ಇಳಿದು ಓಡುವರು. ಮೂರು ತಿಂಗಳು ಆ ಟ್ರೇಲರಿನಲ್ಲಿ ಗೊಬ್ಬರ, ಹುಲ್ಲು, ಭತ್ತದ ಮೂಟೆ ಬಿಟ್ಟು ಒಂದು ನರಪಿಳ್ಳೆಯೂ ಕೂರಲಿಲ್ಲ. ನಾಲ್ಕನೆಯ ತಿಂಗಳು ಮಹಾಲಿಂಗ ಅವಳ ಟ್ರಂಕು ಹೊತ್ತು ಗುಬ್ಬಿಯವರೆಗೆ ಬಂದು ತುಮಕೂರಿನ ಬಸ್ಸು ಹತ್ತಿಸಿದ. "ಅಮ್ಮನ ಮನಸ್ಸು ತಿಳಿಯಾಗ್ಲಿ, ಬಂದು ಕರ್ಕೊಂಡು ಹೋಗ್ತೀನಿ" ಅಂದ.

ಬಂದದ್ದು ನಾಲ್ಕು ವರ್ಷದ ಮೇಲೆ. ದಾಕ್ಷಾಯಣಿ ಆಗ ಅಪ್ಪನ ಪ್ರೆಸ್ಸಿನಲ್ಲೇ ಅಚ್ಚಾದ ದೊಡ್ಡ ಹಾಳೆಗಳ ಫಾರಂ ಮಡಿಸುವ ಕೆಲಸಕ್ಕಿದ್ದಳು. ಊಟದ ಹೊತ್ತಿಗೆ ಮನೆಗೆ ಬಂದರೆ ಪಡಸಾಲೆಯ ಬೆಂಚಿನ ಮೇಲೆ ಮಹಾಲಿಂಗ ಕೂತಿದ್ದ. ಕೂದಲು ನೆರೆತಿತ್ತು. ಅವಳು ಕಾಫಿ ತಂದಿಟ್ಟಳು.

"ಹೋದ ವಾರ ಮತ್ತೆ ಮಗುಚ್ತು" ಅಂದ ಅವನು. "ಅಲ್ಲೇ, ತೂಬಿನ ಹತ್ರ. ನಾನಿರಲಿಲ್ಲ, ಆಳು ಓಡಿಸ್ತಿದ್ದ. ನರಸಮ್ಮನ ಮೊಮ್ಮಗಳು ಹೋಗ್ಬಿಟ್ಳು."

ದಾಕ್ಷಾಯಣಿ ಗೋಡೆ ಹಿಡಿದು ಕೂತಳು. ತಾನು ಇಳಿಸಿದ ಮಗು.

"ಆ ಆಳಿಗೆ ಹೇಳಿದ್ರಾ, ಇಳಿಜಾರಲ್ಲಿ ಹೆಂಗೆ ಹಿಡೀಬೇಕು ಅಂತ?"

ಅವನು ಲೋಟ ನೋಡಿಕೊಂಡು ಕೂತ. ಆಮೇಲೆ ಬಂದ ಕೆಲಸ ಹೇಳಿದ. "ನೀನು ಅವತ್ತು ಆಡಿದ ಮಾತು ಇನ್ನೂ ಆ ಗಾಡಿ ಮೇಲಿದೆ ಅಂತಾರೆ ಊರಲ್ಲಿ. ಅಮ್ಮನೂ ಅದನ್ನೇ ಅಂತಾಳೆ. ಗಾಡಿ ರಿಪೇರಿ ಆಗಿದೆ. ನೀನೊಂದ್ಸಲ ಬಂದು, ಕಾಯಿ ಒಡೆದು, ಬಾಯ್ತುಂಬ ಒಳ್ಳೇ ಮಾತಾಡಿಬಿಡು ದಾಕ್ಷಾ. ಬೇಕಾದ್ರೆ ಅಲ್ಲೇ ಇದ್ದುಬಿಡು. ಯಾರೂ ಏನೂ ಅನ್ನಲ್ಲ."

"ನೀವೂ ನಂಬ್ತೀರಾ, ನನ್ ಮಾತಿಂದ ಆಯ್ತು ಅಂತ?"

"ಇಲ್ಲ" ಅಂದ ಮಹಾಲಿಂಗ, ತಗ್ಗಿದ ದನಿಯಲ್ಲಿ. "ನೀನು ಹೇಳಿದ್ದು ಸರಿ ಇತ್ತು. ನಂಗೊಬ್ಬನಿಗೆ ಗೊತ್ತು."

"ನಿಮಗೊಬ್ಬರಿಗೇ ಗೊತ್ತಿದ್ದು ಏನ್ ಬಂತು? ನರಸಮ್ಮನ ಮುಂದೆ ಹೇಳ್ತೀರಾ? ಹೇಳೋದಾದ್ರೆ ಈಗಲೇ ಹೊರಡ್ತೀನಿ, ಚಪ್ಪಲಿ ಮೆಟ್ಕೊಂಡ್ರೆ ಆಯ್ತು."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಮಹಾಲಿಂಗ ಕಾಫಿ ಮುಗಿಸಿ, ಲೋಟವನ್ನು ತಾನೇ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿದ. "ಮೂರು ಗಂಟೆ ಬಸ್ಸಿದೆ" ಅಂದ.

ಅವನು ಬೀದಿ ತಿರುಗುವವರೆಗೂ ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದಳು. ಅವನು ಹಿಂತಿರುಗಿ ನೋಡಲಿಲ್ಲ. ಊಟ ಸೇರಲಿಲ್ಲ. ಪ್ರೆಸ್ಸಿಗೆ ಹೋಗಿ, ಮೇಜಿನ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಫಾರಂಗಳನ್ನು ಎಳೆದುಕೊಂಡು ಮಡಿಸಲು ಕೂತಳು. ಆ ಮಗುವಿಗೆ ಎಷ್ಟು ವಯಸ್ಸಾಗಿದ್ದಿರಬೇಕು ಎಂದು ಲೆಕ್ಕ ಹಾಕಲು ಹೋಗಿ, ಅದರ ಹೆಸರೇ ತನಗೆ ಗೊತ್ತಿಲ್ಲವೆಂಬುದು ಹೊಳೆಯಿತು.