ಶನಿವಾರದ ಪಾಪ

ಆರು ಶನಿವಾರ ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಒಂದೇ ಪಾಪ ಒಪ್ಪಿಸಿದೆ. "ಸ್ವಾಮಿ, ಮಕ್ಕಳನ್ನ ಕಂಡ್ರೂ ಸಂತೋಷ ಆಗಲ್ಲ. ಕೂತ್ರೆ ಏಳ್ಬೇಕು, ಎದ್ರೆ ಎಲ್ಲಿಗೆ ಹೋಗ್ಬೇಕೋ ಗೊತ್ತಾಗಲ್ಲ." ಜಾಲರಿಯ ಆಚೆಯಿಂದ ಆರು ಸಲವೂ ಪಾದ್ರಿ ಸ್ವಾಮಿಗಳು ಒಂದೇ ಮಾತು ಹೇಳಿದರು: "ಇದು ಪಾಪ ಅಲ್ಲ ಲೂರ್ದಮ್ಮ, ಕಾಯಿಲೆ. ಪಾಪ ಇಲ್ದೆ ಕ್ಷಮೆ ಎಲ್ಲಿಂದ ಕೊಡ್ಲಿ?"

ನನಗೆ ಮೈ ಉರಿಯಿತು. ಕ್ಷಮೆ ಸಿಗದೆ ಪರಮಪ್ರಸಾದ ತೆಗೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಅದನ್ನು ಪಡೆಯಲು ಇಡೀ ಚರ್ಚು ಎದ್ದು ಮುಂದಕ್ಕೆ ಹೋದರೆ ನಾನೊಬ್ಬಳು ಕಂಬ ಹಿಡಿದು ನಿಲ್ಲುತ್ತಿದ್ದೆ. ದೇವರು ನನ್ನ ಕೈಬಿಟ್ಟಿದ್ದಾನೆ ಎಂಬುದು ಖಾತ್ರಿಯಾಗಿತ್ತು.

ಅದು ಅರವತ್ತೊಂದನೇ ಇಸವಿ. ಗಂಡ ಚೌರಪ್ಪ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಹೊರಟ ಮೇಲೆ ಒಲೆ ಹಚ್ಚುವುದು, ಅದನ್ನು ಬಿಟ್ಟು ಬೀದಿಗೆ ಬರುವುದು, ಹೆಬ್ಬಾಳದ ಕೆರೆ ಏರಿಯವರೆಗೆ ಹೋಗಿ ಹೆದರಿ ಓಡಿಬರುವುದು, ಇದೇ ನನ್ನ ದಿನ. ಅಲ್ಲಿ ಒಬ್ಬಳೇ ನಿಲ್ಲಲು ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ.

ಏಳನೇ ಶನಿವಾರ ಹಟ ಹಿಡಿದೆ. "ಪ್ರಾಯಶ್ಚಿತ್ತ ಕೊಡಿ. ಕೊಡೋವರೆಗೂ ಏಳಲ್ಲ." ಹಿಂದೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಸ್ವಾಮಿಗಳು ಸೋತರು.

"ಸರಿ. ಕ್ಷಮೆ ಅಲ್ಲ, ಪ್ರಾಯಶ್ಚಿತ್ತ ಮಾತ್ರ. ಸೋಮವಾರ ಗಂಡನ ಜೊತೆ ದೊಡ್ಡಾಸ್ಪತ್ರೆಗೆ ಹೋಗಿ ಡಾಕ್ಟ್ರಿಗೆ ಇದನ್ನೆಲ್ಲ ಹೇಳ್ಬೇಕು. ಕೊಟ್ಟ ಮಾತ್ರೆ ನುಂಗ್ಬೇಕು. ದಿನಾ ಸಾಯಂಕಾಲ ಇನ್ನಾಸಮ್ಮನ ಜೊತೆ ನಡೀಬೇಕು."

"ನಂಗೆ ಪ್ರಾರ್ಥನೆ ಬರ್ತಿಲ್ಲ ಸ್ವಾಮಿ."

"ಪ್ರಾರ್ಥನೆ ಮಾಡು ಅಂದ್ನಾ? ನಡಿ ಅಂದೆ."

ಇನ್ನಾಸಮ್ಮ ಕೆಂಪಾಪುರದ ವಿಧವೆ, ಅರವತ್ತು ದಾಟಿದವಳು. ನಾನು ಏರಿಯ ಮೇಲೆ ದಡದಡ ನಡೆದರೆ ಆಕೆ ಏದುಸಿರು ಬಿಡುತ್ತಾ ಹಿಂದೆಯೇ ಬರುತ್ತಿದ್ದಳು, ಕೈಯಲ್ಲಿ ಜಪಸರ. ಜಪಸರದ ಪ್ರಾರ್ಥನೆಯನ್ನು ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ ಹೇಳಬೇಕು. ನಾನು ತುಟಿ ಬಿಚ್ಚುತ್ತಿರಲಿಲ್ಲ. "ನಿಂದೂ ನಾನೇ ಹೇಳ್ತೀನಿ ಬಿಡವ್ವ" ಎಂದು ಎರಡನ್ನೂ ಆಕೆಯೇ ಹೇಳುತ್ತಿದ್ದಳು. ಮಾತ್ರೆಗೆ ನನ್ನ ಬಾಯಿ ಒಣಗುತ್ತಿತ್ತು. ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ದಿನ ಮುದ್ದೆಯ ಮುಂದೆ ಕೂತವಳು ಊಟ ಮುಗಿಯುವವರೆಗೂ ಕೂತೇ ಇದ್ದೆ. ಚೌರಪ್ಪ ನೋಡಿಯೂ ನೋಡದವನ ಹಾಗೆ ಸಾರು ಬಡಿಸಿದ.

ಎರಡನೇ ತಿಂಗಳು ಒಂದು ಸಂಜೆ ಇನ್ನಾಸಮ್ಮನಿಗೆ ಮನೆ ಸೇರುವ ಅವಸರ. ನನ್ನ ಪಾಲಿನ ಅರ್ಧವನ್ನು ಗಬಗಬ ನುಂಗಿ ಮುಂದಿನ ಮಣಿಗೆ ಹಾರಿದಳು. ಮತ್ತೆ ಹಾಗೆಯೇ ಮಾಡಿದಳು. ನನಗೆ ತಡೆಯಲಾಗಲಿಲ್ಲ.

"ಲೇ ಮುದುಕಿ, ನನ್ನ ಪಾಲಿಂದು ಹಿಂಗಾ ಹೇಳೋದು? ನಾಚ್ಕೆ ಆಗಲ್ವಾ? ಬಿಡು, ನಾನೇ ಹೇಳ್ತೀನಿ!"

ದನ ಹೊಡೆದುಕೊಂಡು ಬರುತ್ತಿದ್ದವರು ತಿರುಗಿ ನೋಡಿದರು. ಇನ್ನಾಸಮ್ಮ ಮುಖ ಊದಿಸಿಕೊಂಡಳು. ನಾನು ಸಿಟ್ಟಿನಲ್ಲೇ ಕೊನೆಯ ಮಣಿಯವರೆಗೂ ಹೇಳಿದೆ.

ಆ ಶನಿವಾರ ಮೊಣಕಾಲೂರಿ, "ಸ್ವಾಮಿ, ತಾಯಿ ವಯಸ್ಸಿನವಳನ್ನ ಬೀದೀಲಿ ಬೈದ್ಬಿಟ್ಟೆ" ಎಂದೆ.

ಸ್ವಾಮಿಗಳು ಜಾಲರಿಯ ಹತ್ತಿರಕ್ಕೆ ಬಗ್ಗಿದರು. "ಬೈದ್ಯಾ?"

"ಲೇ ಮುದುಕಿ ಅಂದೆ."

"ಹಾಗಾದ್ರೆ ಇದು ಪಾಪವೇ ಕಣಮ್ಮ" ಎಂದು ಸ್ವಾಮಿಗಳು ಲ್ಯಾಟಿನಿನಲ್ಲಿ ಕ್ಷಮೆಯ ಮಾತುಗಳನ್ನು ಶುರು ಮಾಡಿದರು. ಪಾಪ ಮಾಡಿ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಮಾತ್ರೆಯನ್ನು ಇನ್ನೊಂದು ವರ್ಷ ನುಂಗಿದೆ. ಆದರೆ ಮರುದಿನ ಭಾನುವಾರವೇ ಎಲ್ಲರ ಜೊತೆ ಎದ್ದು ಪರಮಪ್ರಸಾದಕ್ಕೆ ಹೋದೆ. ಪೀಠದ ಕಟಕಟೆಯ ಮುಂದೆ ಮೊಣಕಾಲೂರಿದವರ ಸಾಲಿನಲ್ಲಿ ಜಾಗವಿರಲಿಲ್ಲ. ಇನ್ನಾಸಮ್ಮ, ಇನ್ನೂ ಮುಖ ಊದಿಸಿಕೊಂಡೇ, ಮೊಣಕಾಲಲ್ಲೇ ಪಕ್ಕಕ್ಕೆ ಸರಿದಳು.