ಅಭ್ಯಾಸ ಮಾಡಬೇಡಿ

ವಾರ್ತಕ್ಕ ಅಂತ ಹೆಸರಿಟ್ಟದ್ದು ಬೀದಿಯವರು. ರೇಡಿಯೋದಲ್ಲಿ ಸಂಜೆಯ ವಾರ್ತೆ ಓದುವವಳು ತಮ್ಮ ಬೀದಿಯಲ್ಲೇ ಇದ್ದಾಳೆ, ತಮ್ಮ ಅಂಗಡಿಯಲ್ಲೇ ಸೋಪು ಕೊಳ್ಳುತ್ತಾಳೆ ಅನ್ನುವುದು ಅವರಿಗೆಲ್ಲ ಹೆಮ್ಮೆ. ಅವಳು "ಈರುಳ್ಳಿ ದುಬಾರಿಯಾಯ್ತು" ಅಂದರೂ ಸರ್ಕಾರವೇ ಹೇಳಿದ ಹಾಗೆ ಕೇಳುತ್ತದೆ ಅಂತ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಗಂಡ ತೀರಿಕೊಂಡ ಮೇಲೂ ಅವಳು ನಾದಿನಿಯನ್ನು ಬಿಟ್ಟಿರಲಿಲ್ಲ, ನಾದಿನಿಯೂ ಅವಳನ್ನು ಬಿಟ್ಟಿರಲಿಲ್ಲ. ನಾದಿನಿ ಶಿಶುವಿಹಾರದ ಟೀಚರು, ಮದುವೆಯ ಮಾತೆತ್ತಿದವರಿಗೆ "ದಿನವೂ ಅಷ್ಟೊಂದು ಮಕ್ಕಳ ಮೂಗು ಒರೆಸ್ತೀನಿ, ಇನ್ನೊಂದು ಮೂಗು ಯಾಕೆ?" ಅಂದುಬಿಟ್ಟವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅತ್ತಿಗೆ ನಾದಿನಿಯರು ಹಾಲಿಗೂ ನೀರಿಗೂ ಜಗಳವಾಡಿಕೊಂಡು ಸುಖವಾಗಿದ್ದರು.

ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ಹೊರಬರುತ್ತಿದ್ದ ವಾರ್ತಕ್ಕ ಬಾಗಿಲಲ್ಲೇ ಕುಸಿದಳು. ಮೆದುಳಿನ ಹಿಂಭಾಗದ ರಕ್ತನಾಳ ಕಟ್ಟಿಕೊಂಡಿದೆ ಅಂದರು ಆಸ್ಪತ್ರೆಯವರು. ಕೈಕಾಲು ಬೀಳಲಿಲ್ಲ, ಮಾತು ತೊದಲಲಿಲ್ಲ, ಬಲಗಡೆಯ ನೋಟ ಮಾತ್ರ ಒಂದಿಷ್ಟು ಮಸುಕು. "ದೊಡ್ಡದರಲ್ಲಿ ಹೋಗಬೇಕಾದ್ದು ಸಣ್ಣದರಲ್ಲಿ ಹೋಯ್ತು" ಅಂತ ನೋಡಲು ಬಂದವರೆಲ್ಲ ಹೇಳಿ ಹೋದರು.

ಹೋದದ್ದು ಏನು ಅಂತ ತಿಳಿದದ್ದು ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ. ಮನೆಯಿಂದ ಏನೇನು ತರಬೇಕು ಅಂತ ಅವಳೇ ಒಂದು ಚೀಟಿ ಬರೆದು ದಿಂಬಿನ ಪಕ್ಕ ಇಟ್ಟಿದ್ದಳು. ನಾದಿನಿ ಬಂದಾಗ ವಾರ್ತಕ್ಕ ಅದನ್ನು ಎತ್ತಿಕೊಂಡು ನೋಡಿದಳು. ಒಂದಕ್ಷರವೂ ಹತ್ತಲಿಲ್ಲ.

"ಇದು ಯಾರ ಚೀಟಿ?"

"ನಿಮ್ಮದೇ ಅತ್ತಿಗೆ. ಚಪ್ಪಲಿ, ಬಾಚಣಿಗೆ, ಕನ್ನಡಕ. ಡಾಕ್ಟರ್‌ಗಳ ಸಹವಾಸ ಮಾಡಿ ನಿಮಗೂ ಅವರ ಕೈಬರಹ ಬಂತಾ?"

ಅತ್ತಿಗೆ ನಗಲಿಲ್ಲ. ಗೋಡೆಯ ಮೇಲಿನ ಬೋರ್ಡು ನೋಡಿದಳು, ಔಷಧಿಯ ಡಬ್ಬಿ ನೋಡಿದಳು. ಎಲ್ಲವೂ ಯಾವುದೋ ಕಾಣದ ದೇಶದ ಲಿಪಿ. ಬಾಗಿಲ ಮೇಲಿನ ಕೋಣೆಯ ನಂಬರು, ಗೋಡೆಯ ಕ್ಯಾಲೆಂಡರಿನ ತಾರೀಖು, ಅವು ಮಾತ್ರ ಎಂದಿನಂತೆ ಕಂಡವು. ಬರೆಯುವ ಕೈ ಉಳಿದಿತ್ತು, ಅಂಕಿ ಉಳಿದಿತ್ತು, ನೆನಪು ಉಳಿದಿತ್ತು. ಓದು ಹೋಗಿತ್ತು.

ಅವಳು ನಾದಿನಿಯ ಹೊರತು ಯಾರಿಗೂ ಹೇಳದೆ ಕೆಲಸಕ್ಕೆ ಹಾಜರಾದಳು. ವಾರ್ತೆಯ ಹಾಳೆ ಮಧ್ಯಾಹ್ನವೇ ಸಿದ್ಧವಾಗುತ್ತಿತ್ತು. ಅದನ್ನು ಹಿಡಿದುಕೊಂಡು ಕಾರಿಡಾರಿನ ಟೆಲಿಫೋನಿನಲ್ಲಿ ಮಾತಾಡುವವಳಂತೆ ಹೊರಗೆ ಬರುವಳು, ಶಾಲೆ ಮುಗಿಸಿ ಬಂದ ನಾದಿನಿ ರೇಡಿಯೋ ಕೇಂದ್ರದ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿ ಹೇಳುವಳು, ವಾರ್ತಕ್ಕನಿಗೆ ಬಾಯಿಪಾಠವಾಗಿಬಿಡುವುದು. ಮೈಕಿನ ಮುಂದೆ ಹಾಳೆ ತಿರುವುತ್ತ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಗಿಣಿ ಹೇಳಿದ ಹಾಗಲ್ಲ, ಓದಿದ ಹಾಗೆಯೇ ಹೇಳುತ್ತಿದ್ದಳು. "ಹಣೆಬರಹ ಯಾರಿಗೂ ಓದೋಕೆ ಬರಲ್ಲ ಕಣೇ, ನನಗೆ ಉಳಿದ ಬರಹವೂ ಬರಲ್ಲ, ಅಷ್ಟೇ ವ್ಯತ್ಯಾಸ" ಅಂತ ಮನೆಯಲ್ಲಿ ನಗಿಸುತ್ತಿದ್ದಳು.

ಆದರೆ ಸುದ್ದಿ ಅನ್ನುವುದು ಹೇಳಿ ಕೇಳಿ ಬರುವುದಿಲ್ಲ. ಒಂದು ಸಂಜೆ ವಾರ್ತೆಯ ನಡುವೆ ಸಂಪಾದಕ ಗಾಜಿನ ಬಾಗಿಲು ತಳ್ಳಿ ಬಂದು ಒಂದು ಚೀಟಿ ಮುಂದಿಟ್ಟ. ಎಲ್ಲೋ ಸೇತುವೆ ಕುಸಿದಿತ್ತು. ವಾರ್ತಕ್ಕ ಚೀಟಿ ನೋಡಿದಳು. ಅದರಲ್ಲಿ ಅವಳಿಗೆ ಕಂಡದ್ದು 23 ಅನ್ನುವ ಅಂಕಿ ಒಂದೇ. "ಇದೀಗ ಬಂದ ಸುದ್ದಿ" ಅಂದಳು. "ಇಪ್ಪತ್ಮೂರು" ಅಂದಳು. ಮುಂದೆ ಊರೆಲ್ಲ ಕೇಳಿಸಿಕೊಂಡದ್ದು ಬರೀ ಮೌನ. ಸಂಪಾದಕ ಅವಳ ಭುಜದ ಮೇಲಿಂದ ಬಗ್ಗಿ ತಾನೇ ಓದಿ ಮುಗಿಸಿದ. ಮರುದಿನದಿಂದ ಅವಳ ಜಾಗ ಸ್ವಾಗತದ ಮೇಜು: ಬಂದ ಫೋನು ಎತ್ತಿ ಒಳಗಿನ ನಂಬರಿಗೆ ಜೋಡಿಸುವುದು. ನಂಬರು ಅವಳಿಗೆ ಬರುತ್ತಿತ್ತಲ್ಲ.

ಈ ಸಮಯಕ್ಕೆ ಸರಿಯಾಗಿ ಪ್ರೊಫೆಸರು ಸಿಕ್ಕರು. ಓದು, ನೆನಪು, ಲೆಕ್ಕ ಇವು ಮೆದುಳಿನಲ್ಲಿ ಹೇಗೆ ನಡೆಯುತ್ತವೆ ಅಂತ ಜನ್ಮವಿಡೀ ಸಂಶೋಧನೆ ಮಾಡಿದವರು. ಮತ್ತೆ ತೋರಿಸಲು ಹೋದಾಗ ಆಸ್ಪತ್ರೆಯವರೇ ಇವಳ ವಿಷಯ ಅವರಿಗೆ ತಿಳಿಸಿದ್ದರು. ವಿಶ್ವವಿದ್ಯಾಲಯದ ಅವರ ಕೋಣೆಗೆ ಹೋದಾಗ ತಾವೇ ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು, ತಮ್ಮ ಸಂಶೋಧನೆಯ ಬಗ್ಗೆ ಹೇಳಿದರು, ನಾದಿನಿಯ ಶಾಲೆಯ ಬಗ್ಗೆ ವಿಚಾರಿಸಿದರು. ಹೊರಡುವಾಗ ಮೆಲ್ಲಗೆ ಹೇಳಿದರು: "ಒಂದೇ ಒಂದು ಮಾತು. ಮನೆಯಲ್ಲಿ ಓದೋ ಅಭ್ಯಾಸ ಮಾಡಬೇಡಿ. ಅಭ್ಯಾಸ ಮಾಡೋದು ನಮ್ಮ ಕೆಲಸ. ನೀವು ಹೇಗಿದೀರೋ ಹಾಗೇ ಇರಿ, ಮುಂದಿನದು ನಮಗೆ ಬಿಡಿ."

ನಾದಿನಿಗೆ ಅದು ಪಥ್ಯದ ಹಾಗೆ ಕೇಳಿಸಿತು. ಔಷಧಿ ಕೊಟ್ಟವರು ಉಪ್ಪು ಬಿಡಿ ಅಂದರೆ ಬಿಡುವುದಿಲ್ಲವೇ? ಅಂದೇ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟದ ಮೇಲೆ ಹಾಕಿದಳು. ದಿನಪತ್ರಿಕೆಯನ್ನು ಶಾಲೆಯಲ್ಲೇ ಓದಿ ಬರುತ್ತಿದ್ದಳು.

ವಾರ ವಾರ ವಾರ್ತಕ್ಕ ಆ ಕೋಣೆಗೆ ಹೋದಳು. ಪರದೆಯ ಮೇಲೆ ಪದ ಮಿಂಚಿ ಮಾಯವಾಗುವುದು, ಅವಳು "ಗೊತ್ತಾಗ್ಲಿಲ್ಲ" ಅನ್ನುವುದು. ಅಂಕಿ ಮಿಂಚುವುದು, ಥಟ್ಟನೆ ಹೇಳುವುದು. ಉದ್ದುದ್ದ ಕಥೆ ಓದಿ ಹೇಳುವರು, ಅವಳು ಒಂದು ಪದ ತಪ್ಪದೆ ಒಪ್ಪಿಸುವಳು. ಆಗೆಲ್ಲ ಪ್ರೊಫೆಸರ ಮುಖ ಅರಳುತ್ತಿತ್ತು. ಮಗು ಮೊದಲ ಹೆಜ್ಜೆ ಇಟ್ಟಾಗ ಅರಳುವ ಹಾಗೆ, ಅಂದುಕೊಳ್ಳುತ್ತಿದ್ದಳು ವಾರ್ತಕ್ಕ. ತನಗೆ ಗುಣವಾಗುತ್ತಿರಬೇಕು, ತನಗೇ ತಿಳಿಯುತ್ತಿಲ್ಲ.

ಒಂದು ಭಾನುವಾರ ಅಂಗಡಿಯಿಂದ ತಂದ ಸೋಪಿನ ಮೇಲೆ ಉಬ್ಬಿದ ಅಕ್ಷರಗಳಿದ್ದವು. ಕೈ ತೊಳೆಯುತ್ತ ಸುಮ್ಮನೆ ಬೆರಳಾಡಿಸಿದಳು. ಬೆರಳು ಸುತ್ತಿಕೊಂಡು ಹೋಗಿ, ತಲೆಕಟ್ಟು ಏರಿ, ನಿಂತಿತು. "ಕ" ಅಂದಿತು ಬಾಯಿ. ಮತ್ತೊಂದರ ಮೇಲೆ ಆಡಿಸಿದಳು. "ಮ." ಕಣ್ಣಿಗೆ ಕಾಣದ್ದು ಬೆರಳಿಗೆ ಕಂಡಿತ್ತು. ಒದ್ದೆ ಕೈಯಲ್ಲೇ ಓಡಿ ಬಂದಳು.

"ಏ, ಇಲ್ಲಿ ನೋಡು! ಕಮಲ ಅಂತ ಇದೆ ಇದರ ಮೇಲೆ! ನಿನ್ನ ಮಕ್ಕಳಿಗೆ ತಿದ್ದಿಸ್ತೀಯಲ್ಲ, ನನಗೂ ತಿದ್ದಿಸೇ. ಒಂದು ತಿಂಗಳು ಕೂತರೆ ಬರುತ್ತೆ ಅನ್ಸತ್ತೆ ನಂಗೆ."

ನಾದಿನಿಯ ಮುಖ ಒಂದು ಗಳಿಗೆ ಬೆಳಗಿತು. ಆಮೇಲೆ ಸೋಪನ್ನು ಅವಳ ಕೈಯಿಂದ ತೆಗೆದುಕೊಂಡಳು. "ಬೇಡ ಅತ್ತಿಗೆ. ಸರ್ ಬೇಡ ಅಂದಿದಾರೆ. ಏನೋ ಮಾಡೋಕೆ ಹೋಗಿ ಏನೋ ಆದರೆ? ಮುಂದಿನ ವಾರ ಅವರನ್ನೇ ಕೇಳೋಣ."

ಕೇಳಿದರು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ಒಳ್ಳೇದೇ," ಅಂದರು. "ಆದ್ರೆ ಇನ್ನೂ ಸ್ವಲ್ಪ ದಿನ ತಡೀರಿ. ಈಗಲೇ ಬೇಡ."

ಆ ಸ್ವಲ್ಪ ದಿನ ಚಳಿಗಾಲ ಕಳೆದು ಬೇಸಿಗೆಯವರೆಗೂ ಹಿಗ್ಗಿತು. ಅಷ್ಟೂ ದಿನ ಮನೆಗೆ ಬಂದ ಸೋಪುಗಳೆಲ್ಲ ನುಣುಪು. ನಾದಿನಿ ಹುಡುಕಿ ಹುಡುಕಿ ತರುತ್ತಿದ್ದಳು.

ಸಂಶೋಧನೆ ಮುಗಿದ ಮೇಲೆ ಪ್ರೊಫೆಸರ ಉಪನ್ಯಾಸವಿತ್ತು. ಇಬ್ಬರನ್ನೂ ಆಹ್ವಾನಿಸಿ ಮೊದಲ ಸಾಲಿನಲ್ಲಿ ಕೂರಿಸಿದರು. ನಾದಿನಿ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ಪರದೆಯ ಮೇಲೆ ಅವಳ ಪರೀಕ್ಷೆಗಳ ಗೆರೆಗಳು ವಾರದಿಂದ ವಾರಕ್ಕೆ ಏರದೆ ಇಳಿಯದೆ ನೇರ ಹೋಗುತ್ತಿದ್ದವು. ಕೊನೆಗೆ ಹಿಂದಿನಿಂದ ಒಬ್ಬ ಯುವಕ ಎದ್ದು ಕೇಳಿದ: "ಸರ್, ಇಂಥವರಿಗೆ ಬೆರಳಿನಿಂದ ಅಕ್ಷರ ತಿದ್ದಿಸಿದರೆ ಓದು ಮರಳುತ್ತೆ ಅಲ್ವಾ?"

"ಖಂಡಿತ," ಅಂದರು ಪ್ರೊಫೆಸರು. "ಮೊದಲ ತಿಂಗಳುಗಳಲ್ಲಿ ಶುರು ಮಾಡಿದರೆ ಬಹಳಷ್ಟು ಮರಳುತ್ತೆ. ತಡವಾದಷ್ಟೂ ಕಷ್ಟ. ಅದಕ್ಕೇ ಇಂಥ ಶುದ್ಧ ಉದಾಹರಣೆ ಸಿಗೋದು ಅಪರೂಪ. ಎಲ್ಲರೂ ಮನೆಯಲ್ಲಿ ಏನಾದರೂ ಅಭ್ಯಾಸ ಮಾಡಿಬಿಡ್ತಾರೆ. ಇವರು ಒಂದು ದಿನವೂ ಮಾಡಲಿಲ್ಲ. ನಮ್ಮ ಅದೃಷ್ಟ."

ನಾದಿನಿ ಅತ್ತಿಗೆಯ ತೋಳು ಹಿಡಿದಳು. ವಾರ್ತಕ್ಕ ಎದ್ದು ನಿಂತಳು. ಮೈಕು ಬೇಕಾಗಲಿಲ್ಲ. ಎಷ್ಟೋ ವರ್ಷ ಊರಿಗೆಲ್ಲ ಕೇಳಿಸಿದ ಅದೇ ದನಿ.

"ಮನೆಯಲ್ಲಿ ಓದೋ ಅಭ್ಯಾಸ ಮಾಡಬೇಡಿ. ಅಭ್ಯಾಸ ಮಾಡೋದು ನಮ್ಮ ಕೆಲಸ. ನೀವು ಹೇಗಿದೀರೋ ಹಾಗೇ ಇರಿ, ಮುಂದಿನದು ನಮಗೆ ಬಿಡಿ. ಇದು ಪ್ರೊಫೆಸರು ಮೊದಲ ದಿನ ಹೇಳಿದ್ದು. ಬೆರಳಿಗೆ ಅಕ್ಷರ ತಿಳಿಯುತ್ತೆ ಅಂತ ನಾನು ಹೇಳಿದಾಗ ಅವರು ಅಂದದ್ದು: ಒಳ್ಳೇದೇ. ಆದ್ರೆ ಇನ್ನೂ ಸ್ವಲ್ಪ ದಿನ ತಡೀರಿ. ಈಗಲೇ ಬೇಡ."

ಪ್ರೊಫೆಸರು ಸಭೆಯ ಕಡೆ ತಿರುಗಿದರು. "ನೋಡಿದ್ರಲ್ಲ," ಅಂದರು ಮೆಚ್ಚುಗೆಯಿಂದ, "ಓದು ಪೂರ್ತಿ ಹೋಗಿದೆ, ನೆನಪು ಒಂದಕ್ಷರ ಮುಕ್ಕಾಗಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಪ್ರಶ್ನೆ ಕೇಳಿದ ಯುವಕನೂ ತಟ್ಟಿದ. ಚಪ್ಪಾಳೆ ನಿಲ್ಲುವವರೆಗೆ ವಾರ್ತಕ್ಕ ನಿಂತೇ ಇದ್ದಳು, ಮುಂದೇನು ಮಾಡಬೇಕು ಅಂತ ತಿಳಿಯದೆ.

ಹೊರಗೆ ಮೆಟ್ಟಿಲ ಬಳಿ ಪ್ರೊಫೆಸರು ಬೆನ್ನಟ್ಟಿ ಬಂದರು. ನಿಜವಾಗಿಯೂ ನೊಂದಿದ್ದರು. "ನಿಮಗೆ ಬೇಜಾರಾಯ್ತು ಅಂತ ಕಾಣುತ್ತೆ. ಇದು ಸಂಶೋಧನೆ ಅಂತ ಮೊದಲೇ ಹೇಳಿದ್ದೆನಲ್ಲ? ಚಿಕಿತ್ಸೆ ಅಂತ ನಾನು ಯಾವತ್ತಾದರೂ ಅಂದಿದೀನಾ?"

ವಾರ್ತಕ್ಕ ನೆನಪಿಸಿಕೊಂಡಳು. ಒಂದೊಂದು ಭೇಟಿಯನ್ನೂ, ಒಂದೊಂದು ಮಾತನ್ನೂ. ಅವರು ಅಂದಿರಲಿಲ್ಲ. ಒಂದು ಸಲವೂ ಅಂದಿರಲಿಲ್ಲ. ಸುಳ್ಳು ಹೇಳಿದ್ದಾರೆ ಅಂತ ಹಿಡಿಯೋಣವೆಂದರೆ ಹಿಡಿಯೇ ಸಿಗಲಿಲ್ಲ.

"ಇಲ್ಲ," ಅಂದಳು. "ನಾವೇ ಅಂದುಕೊಂಡೆವು."

ಬಸ್ಸಿನಲ್ಲಿ ನಾದಿನಿ ಅಳುತ್ತಲೇ ಇದ್ದಳು. "ಸೋಪು ಕಿತ್ಕೊಂಡೆ ಅತ್ತಿಗೆ, ನಿಮ್ಮ ಕೈಯಿಂದ ಕಿತ್ಕೊಂಡೆ. ಇವತ್ತಿಂದಲೇ ತಿದ್ದಿಸ್ತೀನಿ. ಶಾಲೆಗೆ ರಜ ಹಾಕ್ತೀನಿ."

"ನೀನು ಬೇಡ," ಅಂದಳು ವಾರ್ತಕ್ಕ. ಗಟ್ಟಿಯಾಗಿ ಹೇಳಲಿಲ್ಲ. ಅವಳಿಗೆ ನಾದಿನಿಯ ತಪ್ಪಿಲ್ಲ ಅನ್ನುವುದು ಗೊತ್ತಿತ್ತು. ಗೊತ್ತಿದ್ದರೂ ಮನಸ್ಸು ಮೆತ್ತಗಾಗಲಿಲ್ಲ. ಪ್ರೊಫೆಸರ ಮೇಲೆ ತಿರುಗದ ಕೋಪಕ್ಕೆ ಬೇರೆ ಮನೆ ಇರಲಿಲ್ಲ.

ಅಂದಿನಿಂದ ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಪುಸ್ತಕದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಒಬ್ಬಳೇ ತಿದ್ದಲು ಕೂತಳು. ಸ್ವಲ್ಪ ಬಂತು, ಇಲ್ಲ ಅನ್ನುವಂತಿಲ್ಲ. ಬಿಡಿ ಅಕ್ಷರ ಬಂತು, ಕೊಂಬು ದೀರ್ಘ ಬಂತು. ಒತ್ತಕ್ಷರ ಬಂದಲ್ಲಿ ಬೆರಳು ದಾರಿ ತಪ್ಪುತ್ತಿತ್ತು. ಒಂದು ಸಾಲಿನ ತುದಿ ಮುಟ್ಟುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಆ ವೇಗದಲ್ಲಿ ವಾರ್ತೆ ಓದಿದರೆ ಇಂದಿನದು ನಾಳಿದ್ದಿಗೆ ಮುಗಿಯುತ್ತಿತ್ತು. ಸಂಜೆಯ ವಾರ್ತೆಗೆ ಹೊಸ ಹುಡುಗಿ ಬಂದಿದ್ದಳು. ವಾರ್ತಕ್ಕ ಅವಳಿಗೆ ಬರುವ ಫೋನುಗಳನ್ನು ಜೋಡಿಸಿಕೊಡುತ್ತಿದ್ದಳು. ಬೀದಿಯವರು ಹೆಸರು ಬದಲಿಸಲಿಲ್ಲ, ಅದೊಂದು ಉಳಿಯಿತು.

ಮಾರನೆಯ ವರ್ಷ ಒಂದು ರಜೆಯ ಮಧ್ಯಾಹ್ನ ಮನೆಗೆ ಫೋನು ಬಂತು. ಎತ್ತಿದ್ದು ನಾದಿನಿ. ಒಳಗೆ ತಿದ್ದುತ್ತಿದ್ದ ವಾರ್ತಕ್ಕನಿಗೆ ಈ ಕಡೆಯ ಮಾತು ಮಾತ್ರ ಕೇಳಿಸಿತು.

"ಹೌದು ಸರ್... ಹೌದು, ಅಭ್ಯಾಸ ಶುರು ಮಾಡಿದಾರೆ... ತಡವಾಗಿ ಶುರು ಮಾಡಿದರೆ ಏನಾಗುತ್ತೆ ಅಂತನಾ?... ಅದೂ ನಿಮಗೆ ಉಪಯೋಗಕ್ಕೆ ಬರುತ್ತಾ?..."

ಆಮೇಲೆ ನಾದಿನಿ ಬಾಯಿಗೆ ಬಂದದ್ದೆಲ್ಲ ಅಂದಳು. ಶಿಶುವಿಹಾರದ ಟೀಚರಿಗೆ ಅಂಥ ಮಾತುಗಳು ಗೊತ್ತಿವೆ ಅಂತ ವಾರ್ತಕ್ಕನಿಗೆ ಗೊತ್ತಿರಲಿಲ್ಲ. ಫೋನು ಕುಕ್ಕಿದ ಸದ್ದು. ಹೆಜ್ಜೆ ಬಾಗಿಲವರೆಗೆ ಬಂದು ನಿಂತಿತು.

"ಅತ್ತಿಗೆ?"

ವಾರ್ತಕ್ಕನ ಬೆರಳು ಒಂದು ಒತ್ತಕ್ಷರದ ಮೇಲಿತ್ತು. ಬಾ ಅನ್ನಬೇಕು ಅನ್ನಿಸಿತು. ಚಿಲಕವೂ ಹಾಕಿರಲಿಲ್ಲ. ಆ ಕಡೆ ಅವಳು ಕಾಯುತ್ತಿದ್ದಳು, ಈ ಕಡೆ ಇವಳು ಅದೇ ಅಕ್ಷರವನ್ನು ಮತ್ತೆ ಮೊದಲಿಂದ ತಿದ್ದತೊಡಗಿದಳು.